ಹಲಗೆಯಡಿಯ ಮರಳು

"ನಾನು ಮೇಲೆ ನಡೆದು ನೋಡ್ತೇನೆ. ಕೇಳ್ತದಾ ಹೇಳಿ ಅಮ್ಮ," ಎಂದು ಬಡಗಿ ಪೂವಪ್ಪ ಮಹಡಿ ಹತ್ತಿದ. ಮುಂಬಯಿಯ ವಿಲೆ ಪಾರ್ಲೆಯ ಆ ಹಳೆಯ ಬಂಗಲೆಯನ್ನು ಮಾಲೀಕರು ಎರಡು ಫ್ಲಾಟ್ ಮಾಡಿಸುತ್ತಿದ್ದರು. ಮೇಲಿನ ಸದ್ದು ಕೆಳಗೆ ಬಾಡಿಗೆಗಿದ್ದ ಕಾಶವ್ವನಿಗೆ ಕೇಳಿಸುವಂತಿದ್ದರೆ ಮಹಡಿಯ ಹಲಗೆಗಳಡಿ ಮರಳು ತುಂಬಿಸಬೇಕಿತ್ತು.

ಪೂವಪ್ಪನ ಭಾರದ ಹೆಜ್ಜೆಗಳ ಹಿಂದೆಯೇ ಪುಟ್ಟ ಹೆಜ್ಜೆಗಳು ತಡವರಿಸುತ್ತ ಬಂದು ಧೊಪ್ಪೆಂದು ಕುಳಿತವು. ಮೇಲಿನ ಮನೆಗೆ ಮೊನ್ನೆ ಬಂದ ಸಂಸಾರದ ಮಗು. ತಾಯಿ ನಕ್ಕದ್ದೂ ಕೇಳಿಸಿತು. ಗಂಡ ತೀರಿಹೋದ ಮೇಲೆ ಎರಡು ವರ್ಷ ಈ ಮನೆಯಲ್ಲಿ ಕಾಶವ್ವ ಕೇಳಿದ್ದು ದೂರದ ಲೋಕಲ್ ಗಾಡಿಯ ಸದ್ದು ಮಾತ್ರ. ಅವಳು ಉಸಿರು ಬಿಗಿಹಿಡಿದು ತಲೆಯೆತ್ತಿ ನಿಂತಳು. ಮಗು ಎದ್ದು ಮತ್ತೆ ನಾಲ್ಕು ಹೆಜ್ಜೆ ಇಟ್ಟಿತು.

"ಕೇಳ್ತದಾ ಅಮ್ಮ?" ಪೂವಪ್ಪ ಮೆಟ್ಟಿಲಿನಿಂದ ಕೂಗಿದ.

"ಏನೂ ಕೇಳಸಂಗಿಲ್ಲ ನೋಡಪಾ," ಎಂದಳು ಕಾಶವ್ವ. "ಉಸುಕ ಹಾಕೂದ ಬ್ಯಾಡ."