ನಾಲ್ಕನೆಯ ಎಲೆ

ಪಿತೃಪಕ್ಷದ ಎಡೆಗೆ ಹಾಸಿದ್ದ ಬಾಳೆ ಎಲೆಗಳನ್ನು ಅನುಸೂಯಮ್ಮ ಬೆರಳಿನಿಂದ ತಡವಿ ಎಣಿಸಿದರು. ಮಾವನದು, ಅತ್ತೆಯದು, ಗಂಡನದು. ಅದರಾಚೆ ಬರಿಯ ನೆಲ ಕೈಗೆ ತಣ್ಣಗೆ ತಾಕಿತು.

“ಇನ್ನೊಂದು ಎಲ್ಲೇ, ನಂದಿತಾ?”

ಸೊಸೆ ಕಜ್ಜಾಯದ ತಟ್ಟೆಯನ್ನು ಹಿಡಿದೇ ನಿಂತಳು. ಅನುಸೂಯಮ್ಮನ ಬಲಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಎಡಗಣ್ಣಿಗೆ ಹನ್ನೆರಡು ವರ್ಷದ ಹಿಂದೆ ಸತ್ತವರೊಬ್ಬರ ಕಾರ್ನಿಯಾ ಹಾಕಿದ್ದರು. ಯಾರದು ಎಂದು ಆಸ್ಪತ್ರೆಯವರು ಹೇಳಿರಲಿಲ್ಲ. ಅಂದಿನಿಂದ ಜಾವಗಲ್ಲಿನ ಈ ಮನೆಯಲ್ಲಿ ಹಿರಿಯರ ಪಕ್ಕ ಆ ಹೆಸರಿಲ್ಲದವರಿಗೂ ಒಂದು ಎಲೆ ಬೀಳುತ್ತಿತ್ತು.

“ಹಾಕಿದ್ದು ಪೂರ್ತಿ ಮಬ್ಬಾಗಿದೆ, ಇನ್ನು ಕಾಣಲ್ಲ ಅಂತ ಮೊನ್ನೆ ಡಾಕ್ಟ್ರು ಹೇಳಿದ್ರಲ್ಲ, ಅತ್ತೆ. ಆ ಕಣ್ಣೇ ಹೋದ್ಮೇಲೆ ಯಾಕೆ ಅಂತ ಬಿಟ್ಟೆ.”

ಅನುಸೂಯಮ್ಮ ಸೆರಗಿನ ತುದಿಯನ್ನು ಎಡಗಣ್ಣಿಗೆ ಒತ್ತಿ ಹಿಡಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವಷ್ಟು ಮೆತ್ತಗೆ.

“ನೀನು ಸೇರು ಒದ್ದು ಒಳಗೆ ಬಂದಿದ್ದನ್ನ ಅದು ನೋಡೈತೆ. ನಿನ್ನ ಮಗೀನ ಮೊದಲ್ನೇ ಹಲ್ಲ ನೋಡೈತೆ. ಬದುಕಿರೋರಿಗೆ ಎಡೆ ಇಕ್ತಿದ್ವಿ ಕಣೇ, ಇಷ್ಟು ವರ್ಷ.”

ಅವರ ಕೈ ಮತ್ತೆ ಆ ಬರಿಯ ನೆಲವನ್ನು ಸವರಿತು.

“ಈಗ ಸತ್ತೈತೆ. ಎಲೆ ತಗೊಂಡ್ ಬಾ.”