ಸಮುದ್ರದ ತಳದಲ್ಲಿ “ಏನೂ ಇಲ್ಲ” ಎಂದ ಉದ್ಯಮಿ

ಹೂವಿನ ಚಿತ್ರ ಹಾಕಿ ಶುಭೋದಯ ಹೇಳುವುದು ಆಮೇಲೆ ಇರಲಿ... ಇವತ್ತು ಇದನ್ನೊಮ್ಮೆ ಓದಿ.

ಒಬ್ಬ ದೊಡ್ಡ ಉದ್ಯಮಿ. ಸಮುದ್ರದ ತಳ ಕೊರೆದು ಗ್ಯಾಸ್ ತೆಗೆಯುವ ಪ್ಲಾನ್ ಅವರದು. ಅಲ್ಲಿ ಜೀವಿಗಳಿಲ್ಲ ಎಂದು ತೋರಿಸಿದರೆ ಮಾತ್ರ ಪರ್ಮಿಷನ್...

ಸರ್ವೆ ಹಡಗು ಹೊರಟಿತು. ಉದ್ಯಮಿಯೂ ಹತ್ತಿದರು.

ಕೆಳಗಿಳಿಯುವ ರೋಬೋಟ್ ಕ್ಯಾಮೆರಾ ನಡೆಸುವವಳು ವಾರಿಜಾ, ಗಂಗೊಳ್ಳಿ ಕಡೆಯ ಹುಡುಗಿ. ಸ್ಕ್ರೀನಿನಲ್ಲಿ ಕಂಡದ್ದನ್ನು ಅವಳು ಮೈಕಿನಲ್ಲಿ ಹೇಳುತ್ತಾ ಹೋಗಬೇಕು. ಚಿತ್ರದ ಜೊತೆಗೇ ಮಾತೂ ರೆಕಾರ್ಡ್ ಆಗುತ್ತದೆ. ಆ ಕೆಲಸದ ಕ್ರಮವೇ ಹಾಗೆ.

ಕ್ಯಾಮೆರಾ ಒಂದು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಸೂರ್ಯನ ಬೆಳಕು ಎಂದೂ ಮುಟ್ಟದ ಜಾಗ. ಕೊರೆಯುವ ಚಳಿ, ಕೊಳೆತ ಮೊಟ್ಟೆಯಂತೆ ನಾರುವ ವಿಷ, ನೆಲದ ಬಿರುಕಿನಿಂದ ಏಳುವ ಗ್ಯಾಸ್ ಗುಳ್ಳೆಗಳು...

ಆದರೆ ಆ ಬಿರುಕಿನ ಸುತ್ತ ಸಂತೆಯೇ ನೆರೆದಿತ್ತು. ರಾಶಿ ರಾಶಿ ಚಿಪ್ಪುಜೀವಿಗಳು, ಬಿಳಿ ಏಡಿಗಳು, ಬಾಯಿ ಹೊಟ್ಟೆ ಎರಡೂ ಇಲ್ಲದ ಕೊಳವೆ ಹುಳಗಳು.

ಆ ವಿಷವನ್ನೇ ಬಳಸಿ ಬದುಕುವ ಬ್ಯಾಕ್ಟೀರಿಯಾ ಹುಳದ ಮೈಯೊಳಗೆ ಮನೆ ಮಾಡಿಕೊಂಡು, ಅದಕ್ಕೂ ಊಟ ಒದಗಿಸುತ್ತವೆ.

ವಾರಿಜಾ ಬಾಯಿ ತೆರೆಯುವಷ್ಟರಲ್ಲಿ ಉದ್ಯಮಿ ಮೈಕಿಗೆ ಕೈ ಅಡ್ಡ ಹಿಡಿದರು.

“ಏನೂ ಇಲ್ಲ ಅಂತ ಹೇಳಮ್ಮ. ಬರೀ ಕೆಸರು ಅನ್ನು.”

“ಕಾಣ್ತಾ ಉಂಟಲ್ಲ ಸರ್... ಇಲ್ಲ ಅಂತ ಹೇಗೆ ಹೇಳೂದು?”

ಹುಳಹುಪ್ಪಟೆಗೋಸ್ಕರ ಕೆಲಸ ಕಳೆದುಕೊಳ್ಳುತ್ತೀಯಾ ಎಂದು ಗದರಿದರು. ಕೋಣೆಯಲ್ಲಿದ್ದ ಮಿಕ್ಕವರು ತುಟಿ ಹೊಲಿದುಕೊಂಡು ಕೂತರು. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ...

ವಾರಿಜಾ ಮಾತ್ರ ಆ ಸುಳ್ಳು ಹೇಳಲಿಲ್ಲ.

ಅವಳನ್ನು ಎಬ್ಬಿಸಿ, ಉದ್ಯಮಿಯೇ ಮೈಕ್ ಹಿಡಿದು “ಇಲ್ಲಿ ಯಾವ ಜೀವವೂ ಇಲ್ಲ” ಎಂದರು. ಗಂಟೆಗಟ್ಟಲೆ ವಿಡಿಯೋ ಯಾರು ನೋಡುತ್ತಾರೆ, ರಿಪೋರ್ಟಿನ ಕೊನೆಯ ಸಾಲು ಓದಿ ಸುಮ್ಮನಾಗುತ್ತಾರೆ ಎಂಬುದು ಅವರ ಲೆಕ್ಕ.

ದಡ ಸೇರುವವರೆಗೆ ಯಾರೂ ವಾರಿಜಾಳ ಜೊತೆ ಕೂತು ಊಟ ಮಾಡಲಿಲ್ಲ. ದಡ ಸೇರಿದ ದಿನವೇ ಕೆಲಸ ಹೋಯಿತು.

ಕೆಲವು ತಿಂಗಳ ನಂತರ ಮೀನುಗಾರರ ಊರೊಂದರಲ್ಲಿ ಈ ಪ್ಲಾನಿನ ಬಗ್ಗೆ ಅಹವಾಲು ಸಭೆ. ವೇದಿಕೆಯ ಮೇಲೆ ಉದ್ಯಮಿ ಅದೇ ಮಾತು ಹೇಳಿದರು.

ಹಿಂದಿನ ಸಾಲಿನಿಂದ ವಾರಿಜಾ ಎದ್ದು, ರೆಕಾರ್ಡಿಂಗನ್ನು ಚಿತ್ರದ ಸಮೇತ ಹಾಕಿಸಿ ಎಂದು ಕೇಳಿದಳು. ಉದ್ಯಮಿ ತಡವರಿಸಿದರು. ಸಭೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿ ಬಿಡಲಿಲ್ಲ, ಹಾಕಲೇಬೇಕಾಯಿತು.

ಪರದೆಯ ತುಂಬ ಏಡಿಗಳು ಓಡಾಡುತ್ತಿವೆ... ಉದ್ಯಮಿಯ ಗಟ್ಟಿ ದನಿ ಕೇಳುತ್ತಿದೆ, “ಇಲ್ಲಿ ಯಾವ ಜೀವವೂ ಇಲ್ಲ.”

ಜನ ಕೂಗಾಡತೊಡಗಿದರು. ಆಗ ಒಬ್ಬ ಅಜ್ಜಿ ನಿಧಾನವಾಗಿ ಎದ್ದು ನಿಂತರು. ಮೀನು ಮಾರಿ ಮಕ್ಕಳನ್ನು ಸಾಕಿದವರು. ಅವರ ಗಂಡ ದೋಣಿ ಸಮೇತ ಮುಳುಗಿದ್ದರು, ಹೆಣವೂ ಸಿಕ್ಕಿರಲಿಲ್ಲ.

“ಕೆಳಗೆ ಬರೀ ಕತ್ಲೆ, ನಮ್ಮನಿಯವ್ರು ಒಬ್ರೇ ಇದ್ದಾರೆ ಅಂದ್ಕಂಡಿದ್ದೆ...” ಅಜ್ಜಿ ಪರದೆಯತ್ತ ಕೈ ತೋರಿದರು. “ಅಲ್ಲಿ ಇಷ್ಟೆಲ್ಲ ಜೀವ ಉಂಟಲ್ಲ ಸಾಹೇಬ್ರೇ. ನೀವು ಯಾಕೆ ಇಲ್ಲ ಅಂದ್ರಿ?”

ಕೂಗಾಡುತ್ತಿದ್ದ ಗಂಡಸರೂ ಕಣ್ಣೊರೆಸಿಕೊಂಡರು.

ಪರ್ಮಿಷನ್ ಸಿಗಲಿಲ್ಲ. ವಾರಿಜಾಗೆ ಕೆಲಸವೂ ಮರಳಿ ಸಿಗಲಿಲ್ಲ, ಒಬ್ಬರೂ ಕ್ಷಮೆ ಕೇಳಲಿಲ್ಲ. ಅಜ್ಜಿ ಮಾತ್ರ ಅವಳ ಪಕ್ಕದಲ್ಲಿ ಬಂದು ಕೂತು, ಇನ್ನೊಂದು ಸಲ ತೋರಿಸು ಮಗಾ ಎಂದು ಕೈ ಹಿಡಿದುಕೊಂಡರು...

*ನಮಗೆ ಲಾಭವಿಲ್ಲದ ಜೀವವನ್ನು “ಇಲ್ಲ” ಎನ್ನುವುದಕ್ಕಿಂತ ದೊಡ್ಡ ಸುಳ್ಳಿಲ್ಲ.*

ಕೈಮುಗಿದ ಎಮೋಜಿ ಕಳಿಸಬೇಡಿ... ನಿಮ್ಮ ಅನುಕೂಲಕ್ಕಾಗಿ ನೀವು ಯಾರನ್ನು “ಇಲ್ಲ” ಎಂದಿದ್ದೀರಿ, ಹೇಳಿ?