ಕಸದ ಗಾಡಿಯ ಹಾಡು

ಕೀಬೋರ್ಡಿನ ಮೇಲೆ ಮೊದಲ ಸ್ವರ ಒತ್ತಿದ್ದೇ ತಡ, ಸುಚೆನ್ ಕಿಟಾರನೆ ಕಿರುಚಿ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಳು.

"ನೋಡಿದ್ರಲ್ಲ ಟೀಚರ್? ಮನೇಲೂ ದಿನಾ ಇದೇ ಗೋಳು," ಎಂದ ಪಕ್ಕದಲ್ಲಿದ್ದ ಗಂಡ ತೆಂಗ್. "ಕಸದ ಗಾಡಿ ಹಿಂದೆ ಓಡುವಾಗ ಸ್ಕೂಟರ್ ಗುದ್ದಿತ್ತು. ಅವತ್ತಿಂದ ಗಾಡಿಯ ಆ ಹಾಡು ಕೇಳಿದ್ರೆ ಸಾಕು, ಹೀಗೆ ಅರಚ್ತಾಳೆ. ಇನ್ನೊಂದ್ಸಲ ಕೂಗು ಕೇಳಿದ್ರೆ ಮನೆ ಖಾಲಿ ಮಾಡಿ ಅಂದಿದಾರೆ ಓನರ್."

ಆಪ್ತಸಮಾಲೋಚಕಿ ಯುನ್‌ರು ಕೈ ಹಿಂದೆಗೆದಳು. ಭಯವನ್ನು ಸಂಗೀತದಿಂದಲೇ ಕಳೆಯುವುದು ಅವಳ ಕೆಲಸ. ಆದರೆ ತೈನಾನ್ ನಗರದಲ್ಲಿದ್ದುಕೊಂಡು ಆ ಹಾಡಿನಿಂದ ತಪ್ಪಿಸಿಕೊಳ್ಳುವುದು ಎಲ್ಲಿಂದ ಬಂತು? ಬೀದಿಯಲ್ಲಿ ಕಸ ಇಟ್ಟು ಬರುವ ಹಾಗಿಲ್ಲ. ಸಂಜೆ ಗಾಡಿ ಹಾಡಿಕೊಂಡು ಬಂದು ತಿರುವಿನಲ್ಲಿ ನಿಂತರೆ, ಓಣಿಗೆ ಓಣಿಯೇ ಚೀಲ ಹಿಡಿದು ಕೆಳಗಿಳಿಯಬೇಕು.

"ಹಾಡು ಶುರುವಾದಾಗ ಏನನಿಸುತ್ತೆ ಸುಚೆನ್?"

"ಎಲ್ಲರೂ ಇಳಿದು ಹೋಗ್ತಾರೆ ಟೀಚರ್. ಕಟ್ಟಡದಲ್ಲಿ ಯಾರೂ ಇರಲ್ಲ." ಅವಳು ಆ ಸೆಕೆಯಲ್ಲೂ ತೊಟ್ಟಿದ್ದ ಉದ್ದ ತೋಳಿನ ಅಂಗಿಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

"ಯಾರೂ ಇರಲ್ಲ ಅಂದ್ರೆ? ನಾನಿರ್ತೀನಲ್ಲ!" ತೆಂಗ್ ನಕ್ಕ. "ಬೇರೆ ಹೊತ್ತಲ್ಲಿ ಬೆಕ್ಕಿನ ಹಾಗಿರ್ತಾಳೆ. ನಮ್ಮ ಗೋಡೆಗಳೋ ಹಾಳೆ ಥರ, ಕೆಮ್ಮಿದ್ರೂ ಪಕ್ಕದ ಮನೆಗೆ ಕೇಳುತ್ತೆ."

ಎಂಥ ಗಂಡ ಎಂದುಕೊಂಡಳು ಯುನ್‌ರು. ಒಂದು ದಿನವೂ ಹೆಂಡತಿಯನ್ನು ಒಬ್ಬಳನ್ನೇ ಕಳಿಸಿದವನಲ್ಲ. ಹೊರಗೆ ಕೂರಿ ಎಂದರೆ, "ನಾನಿದ್ರೆ ಅವಳಿಗೆ ಧೈರ್ಯ" ಎನ್ನುತ್ತಿದ್ದ. ಇಂಥವರು ಎಲ್ಲರಿಗೂ ಸಿಗುತ್ತಾರೆಯೇ!

ಪಾಠ ಸಾಗಿತು. ಹಾಡನ್ನು ಜೋಗುಳದಷ್ಟು ನಿಧಾನ ಮಾಡಿದಳು, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿದಳು. "ಕೂಗು ಬಂತು ಅನಿಸಿದ್ರೆ ತುಟಿ ಬಿಗಿಹಿಡಿ. ಒಳಗೇ ಗುನುಗು. ಹಾಡು ಮುಗಿಯೋವರೆಗೂ ಬಾಯಿ ಬಿಡಬೇಡ." ಬೇಸಿಗೆ ಕಳೆಯುವ ಹೊತ್ತಿಗೆ ಸುಚೆನ್ ಇಡೀ ಹಾಡನ್ನು ಕಣ್ಣು ಮುಚ್ಚಿ ಗುನುಗತೊಡಗಿದಳು. ತೆಂಗ್ ಎದ್ದು ನಿಂತು ಎರಡೂ ಕೈಯಿಂದ ಅನಾನಸ್ ಬಿಸ್ಕತ್ತಿನ ಡಬ್ಬಿ ಕೊಟ್ಟು, ಬಾಗಿ ನಮಸ್ಕರಿಸಿದ.

ಕುತೂಹಲ ತಡೆಯಲಾರದೆ ಯುನ್‌ರು ಒಂದು ಸಂಜೆ ಅವರ ಓಣಿಗೇ ಹೋದಳು. ಗಾಡಿ ಬಂತು, ಹಾಡು ಮೊಳಗಿತು. ಚಪ್ಪಲಿ ಎಳೆಯುತ್ತ, ಹರಟುತ್ತ ಜನ ಇಳಿದು ಬಂದರು. ಯುನ್‌ರು ಉಸಿರು ಬಿಗಿಹಿಡಿದು ಅವರ ಮನೆಯಿದ್ದ ಮೂರನೇ ಮಹಡಿಯತ್ತ ಕಿವಿಗೊಟ್ಟಳು. ಕೂಗಿಲ್ಲ. ಹಾಡು ಕೊನೆಯಾಯಿತು. ಆಗಲೂ ಕೂಗಿಲ್ಲ.

"ನೀವೇನಾ ಆ ಟೀಚರು?" ನೆರೆಮನೆಯ ಅಜ್ಜಿ ಕೇಳಿದಳು. "ಅದೇನು ಮಾಟ ಮಾಡಿದ್ರಿ ತಾಯಿ! ನಾವು ಕೆಳಗಿಳಿಯೋದೇ ತಡ, ಬಾಯಿ ಬಡ್ಕೊಳ್ತಿತ್ತು ಹುಡುಗಿ. ಈಗ ನೋಡಿ, ಎಷ್ಟು ನೆಮ್ಮದಿ."

ಯುನ್‌ರುವಿನ ಕಣ್ಣು ತುಂಬಿ ಬಂತು. ಈ ಕಸುಬಿನಲ್ಲಿ ಇಂಥ ಸಂಜೆಗಳು ಸಿಗುವುದು ಅಪರೂಪ.

ಗಾಡಿ ಹೊರಟುಹೋದ ಮೇಲೆ ಸುಚೆನ್ ಕಸದ ಚೀಲ ಹಿಡಿದು ಮೆಟ್ಟಿಲಿಳಿದು ಬಂದಳು. ಅವಳು ಒಬ್ಬಳೇ ಸಿಕ್ಕಿದ್ದು ಅದೇ ಮೊದಲು. ಕೆಳತುಟಿ ಹಲ್ಲು ನಾಟಿ ಸೀಳಿತ್ತು, ಗದ್ದಕ್ಕೆ ರಕ್ತ ಇಳಿದಿತ್ತು.

"ನೀವು ಹೇಳ್ಕೊಟ್ಟ ಹಾಗೇ ಗುನುಗಿದೆ ಟೀಚರ್," ಎಂದಳು. "ಹಾಡು ಮುಗಿಯೋವರೆಗೂ ಇವ್ರು ಹೊಡೆದ್ರು, ಯಾರಿಗೂ ಕೇಳಿಸ್ಲಿಲ್ಲ."